ಹೆಣ್ಣುದನಿ, ಕೇಳುವ ಕಿವಿ



ಈ ದತ್ತಿ ಉಪನ್ಯಾಸದ ಕರಾರುಪತ್ರದಲ್ಲಿ ನನಗೆ ಬಹಳ ಹಿಡಿಸಿದ ಸಾಲೊಂದಿದೆ. ಉಪನ್ಯಾಸ ಸಂಗೀತದ ಬಗ್ಗೆಯೇ ಆಗಬೇಕು, ಆದರೆ ಸರಿಗಮ ಕಲಿಯದವರಿಗೂ ತಿಳಿಯುವಂತಿರಬೇಕು. ಅದಕ್ಕೇ ರಾಗಲಕ್ಷಣ, ತಾಳದ ಲೆಕ್ಕಾಚಾರಗಳನ್ನು ಬದಿಗಿಟ್ಟು, ಕಲಿತವರು ಕಲಿಯದವರು ಎನ್ನದೆ ಎಲ್ಲರಿಗೂ ಗಟ್ಟಿ ಅಭಿಪ್ರಾಯವಿರುವ ವಿಷಯವನ್ನು ಎತ್ತಿಕೊಂಡಿದ್ದೇನೆ. ಹೆಣ್ಣುಮಗಳೊಬ್ಬಳು ಹಾಡಿದಾಗ ‘ಎಂಥ ಕಂಠ!’ ಎನ್ನುತ್ತೇವಲ್ಲ, ಆಗ ಮೆಚ್ಚಿದ್ದು ಏನನ್ನು? ಒಬ್ಬರಿಗೆ ಇಂಪಾದದ್ದು ಇನ್ನೊಬ್ಬರಿಗೆ ಕೀರಲಾಗುವುದು ಯಾಕೆ? ಒಬ್ಬರು ಗಂಭೀರ ಎಂದದ್ದನ್ನು ಮತ್ತೊಬ್ಬರು ‘ಗಂಡುದನಿ’ ಎಂದು ಪಕ್ಕಕ್ಕೆ ತಳ್ಳುವುದು ಯಾಕೆ?

ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಗಂಗೂಬಾಯಿ ಹಾನಗಲ್ಲರದೇ ಸೀಮೆಯಲ್ಲಿ ನಿಂತು ಅವರ ಬಗ್ಗೆ ಮಾತಾಡುವುದೆಂದರೆ ಕೊಡಗಿಗೆ ಕಿತ್ತಳೆ ಹೊತ್ತೊಯ್ದ ಹಾಗೆ, ಗೊತ್ತಿದೆ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ. ಒಂದೇ ಜನ್ಮದಲ್ಲಿ ಎರಡು ದನಿಗಳಲ್ಲಿ ಹಾಡಿದ ಗಾಯಕಿ ಅವರು.

ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ತಾನಿ ಒಲಿಯುತ್ತಿದೆ ಎಂದು ಕಂಡಾಗ, ಆ ಎಳೆಯ ಕಿವಿಗೆ ಬೇರೆ ಪದ್ಧತಿಯ ಗಮಕ ಬಿದ್ದು ಗೊಂದಲವಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದ ತಾಯಿ ಆಕೆ. 1930ರ ದಶಕದಲ್ಲಿ ಗ್ರಾಮೊಫೋನ್ ಕಂಪನಿ ಈ ಹುಡುಗಿಯ ಪ್ಲೇಟುಗಳನ್ನು ಹೊರತಂದಾಗ ಲೇಬಲ್ಲಿನ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಜಿ. ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಯೂ ಅವುಗಳಲ್ಲಿ ಇದೆ. ಹಚ್ಚಿ ಕೇಳಿ. ಏರುಶ್ರುತಿಯ, ತೆಳ್ಳನೆಯ, ಚುರುಕು ದನಿ. ತಾನುಗಳು ಸರಸರನೆ ಓಡುತ್ತವೆ. ಆ ಕಾಲದ ಯಾವ ಕೇಳುಗನೂ ಇದನ್ನು ‘ಹೆಣ್ಣಿನ ಇಂಪಾದ ದನಿ’ ಎಂದು ಒಪ್ಪಲು ಅನುಮಾನಿಸಿರಲಾರ.

ಮುಂದೆ ಗಂಟಲಿನ ತೊಂದರೆ, ಟಾನ್ಸಿಲ್ ಚಿಕಿತ್ಸೆ. ದನಿ ಇಳಿಯಿತು, ದಪ್ಪವಾಯಿತು. ನಾವು ನೀವು ರೇಡಿಯೋದಲ್ಲಿ ಕೇಳಿದ, ಎಲ್‌ಪಿ ರೆಕಾರ್ಡುಗಳಲ್ಲಿ ಉಳಿದಿರುವ ದನಿ ಈ ಎರಡನೆಯದು. ಷಡ್ಜ ಗಂಡಸರ ಷಡ್ಜದ ಆಸುಪಾಸಿಗೆ ಬಂದು ಕೂತಿತು. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಹಾಡು ಮುಗಿಯಿತೆಂದು ತಂಬೂರಿಗೆ ಗವಸು ಹಾಕುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಕಳೆದುಕೊಂಡ ದನಿಯ ನಕಲು ಮಾಡಲೂ ಹೋಗಲಿಲ್ಲ. ಸಿಕ್ಕಿದ ದನಿಗೆ ಏನು ಒಪ್ಪುತ್ತದೋ ಅದನ್ನು ಹುಡುಕಿ ತೆಗೆದರು.

ಅವರ ಮಾರ್ವಾ ಕೇಳಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಮಾರ್ವಾದಲ್ಲಿ ಷಡ್ಜಕ್ಕೆ ಸುಲಭಕ್ಕೆ ಬಂದು ಕೂರುವಂತಿಲ್ಲ. ಕೋಮಲ ರಿಷಭ, ಧೈವತಗಳ ಮೇಲೆ ನಿಂತು, ಮನೆ ಕಾಣುತ್ತಿದ್ದರೂ ಒಳಗೆ ಹೋಗದೆ, ಕೇಳುಗನನ್ನು ಹೊರಗೇ ಕಾಯಿಸಬೇಕು. ತೆಳು ದನಿಯಲ್ಲಿ ಈ ಕಾಯುವಿಕೆ ತಳಮಳವಾಗಿ ಕೇಳಿಸುತ್ತದೆ, ಅದಕ್ಕೂ ಅದರದೇ ಚೆಲುವಿದೆ. ಗಂಗೂಬಾಯಿಯವರ ದನಿಯಲ್ಲಿ ಅದೇ ಜಾಗ ತಳಮಳ ಬಿಟ್ಟು ಹಟವಾಗುತ್ತದೆ. ಮಂದ್ರದ ಧೈವತವನ್ನು ಹಿಡಿದರೆಂದರೆ ಸ್ವರ ಅಲುಗಾಡುವುದಿಲ್ಲ, ಸಿಹಿಯಾಗಲು ಪ್ರಯತ್ನಿಸುವುದಿಲ್ಲ, ಕೇಳುಗನ ಕಡೆ ನೋಡಿ ನಗುವುದೂ ಇಲ್ಲ. ಉಸಿರು ಮುಗಿಯುವ ಮುಂಚೆ ಅಂಚಿನಲ್ಲಿ ಒಂದಿಷ್ಟು ಒರಟು ಸದ್ದು ಬರುತ್ತದೆ, ಅದನ್ನು ಮುಚ್ಚಿಡುವ ಉಪಾಯವನ್ನೂ ಅವರು ಮಾಡುವುದಿಲ್ಲ.

ನಮ್ಮ ದೊಡ್ಡವ್ವ ಒಮ್ಮೆ ಈ ದನಿಯನ್ನು ರೇಡಿಯೋದಲ್ಲಿ ಅಡುಗೆಮನೆಯಿಂದ ಕೇಳಿದಳು. ‘ಯಾವ ಬುವಾನೋ ಹಾಡಾಕತ್ತಾನ, ಏನ ದಮ್ ಐತಿ ನೋಡ’ ಅಂದಳು. ಬುವಾ ಅಲ್ಲ, ಹುಬ್ಬಳ್ಳಿ ಗಂಗೂಬಾಯಿಯವರು ಅಂದೆ. ಒಂದು ಗಳಿಗೆ ಸುಮ್ಮನಿದ್ದು ಕೇಳಿದಳು: ‘ಹೆಣ್ಣಮಗಳೇನ? ದನಿ ಯಾಕ ಹಿಂಗ ಒಡದೈತಿ?’

ನೋಡಿ, ಹಾಡು ನಿಂತಿರಲಿಲ್ಲ. ರಾಗ ಅದೇ, ಸ್ವರ ಅದೇ, ರೇಡಿಯೋದ ಅದೇ ಗೊರಗೊರ. ನಡುವೆ ಬದಲಾದದ್ದು ನಾನು ಹೇಳಿದ ಒಂದು ಹೆಸರು ಅಷ್ಟೇ. ದಮ್ಮಾಗಿದ್ದದ್ದು ಒಡಕಾಯಿತು. ನನ್ನ ಇಂದಿನ ಮಾತೆಲ್ಲ ಆ ಒಂದು ಗಳಿಗೆಯ ಬಗ್ಗೆಯೇ ಎಂದರೂ ನಡೆದೀತು. ಹೆಣ್ಣು ಹಾಡುವ ಮೊದಲೇ ನಮ್ಮ ಕಿವಿ ಒಬ್ಬ ಹೆಣ್ಣನ್ನು ಕಲ್ಪಿಸಿಕೊಂಡು ಕೂತಿರುತ್ತದೆ. ಅವಳ ವಯಸ್ಸು, ನಡವಳಿಕೆ, ಮನೆತನ ಎಲ್ಲವೂ ಆ ಕಲ್ಪನೆಯಲ್ಲಿ ಸೇರಿರುತ್ತವೆ. ಹಾಡುವವಳು ಅದಕ್ಕೆ ಹೊಂದಿದರೆ ಚೆಂದ, ಹೊಂದದಿದ್ದರೆ ತಕರಾರು.

ಇದರಲ್ಲಿ ಒಂದು ತಮಾಷೆಯೂ ಇದೆ. ಗಂಗೂಬಾಯಿಯವರ ಗುರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಮರಾಠಿ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಸ್ತ್ರೀಪಾತ್ರಗಳಿಗೇ ಹೆಸರಾಗಿದ್ದ ನಟ-ಗಾಯಕ ಬಾಲಗಂಧರ್ವರ ಜೊತೆ ಹೋಲಿಸಿಯೇ ಅವರಿಗೆ ಆ ಬಿರುದು ಅಂಟಿದ್ದು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್‌ ಸಾಹೇಬರ ದನಿಯೋ, ಗಂಡಸಿನದಾದರೂ ತೆಳ್ಳಗೆ, ಏರುಶ್ರುತಿಯಲ್ಲಿ, ಅಳುವಿನಷ್ಟು ನವುರಾಗಿ ಹರಿಯುವಂಥದ್ದು. ಖಾನ್‌ ಸಾಹೇಬರನ್ನು ಯಾರೂ ‘ಹೆಣ್ಣುದನಿ’ ಎಂದು ಜರಿಯಲಿಲ್ಲ, ಅದು ಸುರೇಲಿತನ ಅನ್ನಿಸಿಕೊಂಡಿತು. ಹೆಣ್ಣಿನ ಸೀರೆಯುಟ್ಟು ಹಾಡಿದ ಗಂಡಸರನ್ನು ಊರೂರು ತಲೆಮೇಲೆ ಹೊತ್ತು ಮೆರೆಸಿತು. ಇವರದೇ ಪರಂಪರೆಯಾದ ಕಿರಾಣಾ ಘರಾಣೆಯಲ್ಲಿ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಕಲಿತ ಹೆಣ್ಣುಮಗಳ ದನಿಗೆ ಮಾತ್ರ ಪ್ರಶ್ನೆ. ಒಂದು ಕಾಲಕ್ಕೆ ಈ ಭಾಗದಲ್ಲಿ ಹೆಣ್ಣಿನ ಹಾಡು ಹೇಗಿರಬೇಕೆಂಬ ಮಾದರಿಯನ್ನು ಕಟ್ಟಿಕೊಟ್ಟವರು ಗಂಡಸರೇ ಎಂಬುದನ್ನು ನಾವು ಮರೆತಿದ್ದೇವೆ. ಬಾಲಗಂಧರ್ವರ ಪದಗಳನ್ನು ಕೇಳಿ ಬೆಳೆದ ಕಿವಿ, ನಿಜವಾದ ಹೆಂಗಸು ರಂಗಕ್ಕೆ ಬಂದಾಗ ಅವಳಲ್ಲೂ ಬಾಲಗಂಧರ್ವರನ್ನೇ ಹುಡುಕಿತು. ಕರೀಂ ಖಾನ್‌ ಸಾಹೇಬರ ಮಗಳು ಹೀರಾಬಾಯಿ ಬಡೋದೇಕರರ ಮೆದು, ನಯವಾದ ದನಿ ಅಷ್ಟು ಬೇಗ ಮನೆಮಾತಾದದ್ದರಲ್ಲಿ ಅವರ ಸಾಧನೆಯ ಜೊತೆ ಈ ಸಿದ್ಧತೆಯ ಪಾಲೂ ಇದೆ ಎಂದು ನನ್ನ ಅನಿಸಿಕೆ.

ಗಂಗೂಬಾಯಿಯವರೇ ಸಂದರ್ಶನಗಳಲ್ಲಿ ಹೇಳುತ್ತಿದ್ದ ಮಾತೊಂದುಂಟು: ಗಂಡಸು ಹಾಡಿದರೆ ಪಂಡಿತ ಆಗುತ್ತಾನೆ, ಉಸ್ತಾದ ಆಗುತ್ತಾನೆ, ಹೆಂಗಸು ಎಷ್ಟು ದೊಡ್ಡವಳಾದರೂ ಬಾಯಿ ಆಗಿಯೇ ಉಳಿಯುತ್ತಾಳೆ. ಹಾಡುವವರ ಮನೆಯ ಹುಡುಗಿ ಎಂದು ಬೀದಿಯಲ್ಲಿ ಆಡಿಕೊಳ್ಳುವವರನ್ನು ಕಂಡು ಬೆಳೆದವರು ಅವರು. ಮುಂದೆ ಪದ್ಮವಿಭೂಷಣ ಬಂತು, ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರೇ ಬಂತು. ಆದರೆ ಆ ದನಿ ಜನರಿಗೆ ಚೆಂದವಾಗಿ ಕೇಳಿಸಿದ್ದು ಪ್ರಶಸ್ತಿ ಬಂದ ಮೇಲೆಯೋ ಮೊದಲೋ? ಈ ಪ್ರಶ್ನೆಯನ್ನು ಮನೆಗೆ ಹೋಗಿ ನಿಮ್ಮ ಹಿರಿಯರಿಗೇ ಕೇಳಿ. ಪ್ರಾಮಾಣಿಕವಾಗಿ ಹೇಳುವವರು ಸಿಕ್ಕರೆ ನನಗೂ ತಿಳಿಸಿ.

ಈಗ ಸ್ವಲ್ಪ ಗಂಟಲಿನ ಕತೆ. ಧ್ವನಿತಂತುಗಳು ಉದ್ದವಾಗಿ ದಪ್ಪವಾಗಿದ್ದರೆ ನಿಧಾನವಾಗಿ ಕಂಪಿಸುತ್ತವೆ, ಚಿಕ್ಕವಾಗಿದ್ದರೆ ಬೇಗ. ಸಾಮಾನ್ಯವಾಗಿ ಮಾತಾಡುವಾಗ ಗಂಡಸರ ದನಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರದು 200ಕ್ಕೂ ಮೇಲೆ ಕಂಪಿಸುತ್ತದೆ. ಹಾಡುವ ಷಡ್ಜ ನಿಲ್ಲುವುದೂ ಹೆಚ್ಚುಕಡಿಮೆ ಈ ಅಳತೆಗೇ. ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆ ಶ್ರುತಿಗೆ ಹಾಡುವ ಗಂಡಸಿನ ಷಡ್ಜ 131ರ ಹತ್ತಿರ, ಐದು ಮನೆಗೆ ಹಾಡುವ ಹೆಂಗಸಿನದು 196. ಇದು ಸರಾಸರಿಯ ಮಾತು. ಸರಾಸರಿಯ ಎರಡೂ ಕಡೆ ಬೇಕಾದಷ್ಟು ಗಂಟಲುಗಳಿವೆ, ವಯಸ್ಸಾದಂತೆ ಹೆಂಗಸರ ದನಿ ಕೆಳಗಿಳಿಯುವುದೂ ಸಹಜ. ಇನ್ನು ದನಿಯ ಬಣ್ಣ ತಂತುಗಳದ್ದಷ್ಟೇ ಅಲ್ಲ. ಗಂಟಲು, ಬಾಯಿ, ಮೂಗಿನ ಪೊಳ್ಳುಗಳು ಯಾವ ಉಪಸ್ವರವನ್ನು ಎತ್ತಿ ಕೊಡುತ್ತವೆ, ಯಾವುದನ್ನು ನುಂಗುತ್ತವೆ ಎಂಬುದರ ಮೇಲೆ ಅದು ನಿಂತಿದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಸೇರಿಸಿದರೆ ಜವಾರಿ ತೆರೆದುಕೊಳ್ಳುತ್ತದಲ್ಲ, ಅಷ್ಟೇ ಸಣ್ಣ ಹೊಂದಾಣಿಕೆಗಳನ್ನು ಹಾಡುವವರು ಒಳಗೇ ಮಾಡಿಕೊಳ್ಳುತ್ತಾರೆ.

ಇನ್ನು ಕಿವಿ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಇಬ್ಬರು ಸಂಶೋಧಕರು ಹುಟ್ಟಿ ಮೂರು ದಿನವೂ ತುಂಬದ ಕೂಸುಗಳ ಬಾಯಿಗೆ ರಬ್ಬರಿನ ಮೊಲೆತೊಟ್ಟು ಕೊಟ್ಟು, ಚೀಪುವ ಲಯ ಬದಲಾದರೆ ಕೇಳುವ ದನಿ ಬದಲಾಗುವಂತೆ ಏರ್ಪಾಡು ಮಾಡಿದರು. ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಬರುವ ಹಾಗೆ ಕೂಸುಗಳು ಚೀಪಿದವು. ಅಂದರೆ ಹೆಣ್ಣುದನಿಯ ಬಗ್ಗೆ ನಮ್ಮ ಮೊದಲ ಪಕ್ಷಪಾತ ಹೊಟ್ಟೆಯಲ್ಲಿದ್ದಾಗಲೇ ಶುರುವಾಗಿರುತ್ತದೆ. ಆಮೇಲಿನ ಪಾಠ ಊರಿನದು, ಗುಡಿಯದು, ರೇಡಿಯೋದ್ದು, ಸಿನಿಮಾದ್ದು.

ಯಂತ್ರದ್ದೂ ಹೌದು. 1902ರಲ್ಲಿ ಗ್ರಾಮೊಫೋನ್ ಕಂಪನಿಯ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಧ್ವನಿಮುದ್ರಣ ಮಾಡಿದಾಗ ಹಾಡಿದ ಮೊದಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. ಆಗ ಮೈಕು ಇಲ್ಲ. ತಗಡಿನ ದೊಡ್ಡ ಕೊಳವೆಯೊಳಗೆ ಮುಖ ತೂರಿಸಿ ಗಟ್ಟಿಯಾಗಿ ಹಾಡಬೇಕು, ಮೂರು ನಿಮಿಷದೊಳಗೆ ಮುಗಿಸಬೇಕು, ಕೊನೆಗೆ ತನ್ನ ಹೆಸರನ್ನು ಕೂಗಿ ಹೇಳಬೇಕು. ಮಂದ್ರದ ಮೆಲುದನಿ ಆ ಕೊಳವೆಯ ಸೂಜಿಯನ್ನು ಅಲುಗಿಸುವುದಿಲ್ಲ. ಏರುಶ್ರುತಿಯ, ಮೊನಚಾದ, ಚುರುಕು ದನಿಯಾದರೆ ಮೇಣದ ಮೇಲೆ ಗೀರು ಸರಿಯಾಗಿ ಬೀಳುತ್ತದೆ. ಹೀಗೆ ಕೊಳವೆಗೆ ಒಗ್ಗಿದ ದನಿಗಳೇ ಊರೂರು ತಲುಪಿದವು, ಕೇಳಿ ಕೇಳಿ ಜನ ಅದನ್ನೇ ಹೆಣ್ಣಿನ ಸಂಗೀತ ಎಂದುಕೊಂಡರು. ಗೌಹರ್ ಜಾನ್ ತಮ್ಮ ಕೊನೆಗಾಲಕ್ಕೆ, 1928ರಲ್ಲಿ, ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು ಸೇರಿದರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಆ ಹೊತ್ತಿಗೆ ವಿದ್ಯುತ್ ಮೈಕು ಬಂದಾಗಿತ್ತು.

ಮೈಕು ಬಂದದ್ದೇ ಎರಡು ಬಾಗಿಲು ಒಟ್ಟಿಗೆ ತೆರೆದವು. ಕಿವಿಯ ಹತ್ತಿರ ಪಿಸುಗುಟ್ಟುವಂಥ ದನಿಗೂ ಈಗ ಸಾವಿರ ಜನ ಕೇಳುಗರು ಸಿಗಬಹುದಿತ್ತು, ದಪ್ಪ ದನಿಗೂ ಸಿಗಬಹುದಿತ್ತು. ಕೆಲವು ಕಾಲ ಎರಡೂ ಇದ್ದವು. ಬಾಗಲಕೋಟೆ ಜಿಲ್ಲೆಯ ಬೀಳಗಿಯಿಂದ ಹೋದ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ರಹಮತ್ ತರೀಕೆರೆಯವರು ಅವರ ಜೀವನವನ್ನು ಪುಸ್ತಕವಾಗಿಸದಿದ್ದರೆ ನಾವು ಇಷ್ಟರಲ್ಲಿ ಅವರನ್ನು ಪೂರ್ತಿ ಮರೆತಿರುತ್ತಿದ್ದೆವು. ಅಮೀರ್‌ಬಾಯಿಯವರದು ಕಂಪನಿ ನಾಟಕದ ಕೊನೆಯ ಸಾಲಿನವರೆಗೂ ಮುಟ್ಟುವ ತೆರೆದ ಕಂಠ. ಶಂಶಾದ್ ಬೇಗಂ, ನೂರ್‌ಜಹಾನ್ ಇವರದೂ ಬೇರೆ ಬೇರೆ ರೀತಿಯಲ್ಲಿ ಎದೆಯಿಂದ ಬಂದ ದನಿಗಳೇ. ಆಗಿನ ಹಿಂದಿ ಸಿನಿಮಾದ ನಾಯಕಿ ಹೀಗೆಯೇ ಹಾಡುತ್ತಿದ್ದಳು. ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಆಮೇಲೆ ಬಂದವರು ಲತಾ ಮಂಗೇಶ್ಕರ್. ಮೊದಲಿಗೆ ಅವರ ದನಿ ತೀರಾ ತೆಳು ಎಂದು ನಿರ್ಮಾಪಕ ಶಶಧರ್ ಮುಖರ್ಜಿ ತಿರಸ್ಕರಿಸಿದ್ದು, ಸಂಗೀತ ನಿರ್ದೇಶಕ ಗುಲಾಂ ಹೈದರ್ ಹಟಕ್ಕೆ ಬಿದ್ದು 1948ರ ‘ಮಜಬೂರ್’ನಲ್ಲಿ ಹಾಡಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. 1949ರ ‘ಮಹಲ್’ ಚಿತ್ರದಲ್ಲಿ ನಾಯಕಿ ಮಧುಬಾಲಾಗೆ ಹದಿನಾರು ವರ್ಷ, ಹಾಡಿದ ಲತಾಗೆ ಇಪ್ಪತ್ತು. ಆ ಪ್ಲೇಟಿನ ಲೇಬಲ್ಲಿನಲ್ಲಿ ಮೊದಲು ಅಚ್ಚಾದ ಹೆಸರು ಕಾಮಿನಿ, ಅದು ಸಿನಿಮಾದೊಳಗಿನ ಪಾತ್ರದ ಹೆಸರು! ಅಂದರೆ ದನಿ ಹಾಡುವವಳದ್ದಲ್ಲ, ತೆರೆಯ ಮೇಲೆ ಕಾಣುವವಳದ್ದು ಎಂದೇ ವ್ಯಾಪಾರ ನಡೆಯುತ್ತಿತ್ತು. ಅಲ್ಲಿಂದ ಮುಂದೆ ಅರ್ಧ ಶತಮಾನ, ನಾಯಕಿಯ ದನಿಯೆಂದರೆ ಹದಿಹರೆಯದ ದನಿ. 2004ರ ‘ವೀರ್-ಝಾರಾ’ಗೆ ಹಾಡಿದಾಗ ಲತಾ ಅವರಿಗೆ 75. ತೆರೆಯ ಮೇಲಿನ ಹುಡುಗಿ ಇಪ್ಪತ್ತರವಳು, ನಾವು ಕೇಳಿಸಿಕೊಂಡದ್ದೂ ಇಪ್ಪತ್ತನ್ನೇ.

ಹೊಸ ಗಣರಾಜ್ಯಕ್ಕೆ ತನ್ನ ಹೆಣ್ಣು ಬೀದಿಗೆ ಬರಬೇಕಿತ್ತು, ಆದರೆ ಬೀದಿಯವಳಂತೆ ಕಾಣಬಾರದಿತ್ತು. ಅದಕ್ಕೇ ಮೈಯ ಭಾರವಿಲ್ಲದ ಈ ದನಿ ಗೆದ್ದಿತು ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ. ಆದರೆ ಅದನ್ನೇ ಹಿಡಿದು ಲತಾರನ್ನು ‘ತೆಳು ದನಿ’ ಎಂದು ಮೂಗು ಮುರಿಯುವ ಇತ್ತೀಚಿನ ಫ್ಯಾಷನ್ನು ನನಗೆ ಒಪ್ಪಿಗೆಯಿಲ್ಲ. ಉಸಿರು ತೆಗೆದುಕೊಂಡದ್ದು ಕೇಳಿಸದ ಹಾಗೆ ಸಾಲು ಕಟ್ಟುವುದು, ಉರ್ದುವಿನ ಒಂದೊಂದು ಅಕ್ಷರಕ್ಕೂ ಮಣೆ ಹಾಕುವುದು, ತಾರಸ್ಥಾಯಿಯಲ್ಲಿ ಕೂದಲೆಳೆಯಷ್ಟೂ ಶ್ರುತಿ ಸರಿಯದಿರುವುದು ಯಾರ ರಾಜಕೀಯವೂ ಕೊಟ್ಟ ದಾನವಲ್ಲ. ತಪ್ಪು ಆ ದನಿಯದ್ದಲ್ಲ. ಅದೊಂದೇ ದನಿ ಸಾಕೆಂದುಕೊಂಡ ಮಾರುಕಟ್ಟೆಯದ್ದು. ಲತಾ 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ಕ್ಕೆ ಕನ್ನಡದಲ್ಲೂ ಹಾಡಿದರು. ನಮ್ಮವರು ಅದನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಬೀಳಗಿಯ ಅಮೀರ್‌ಬಾಯಿಯ ಹಾಡು ಒಂದಾದರೂ ನೆನಪಿದೆಯೇ ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ದಕ್ಷಿಣದ ಸಿನಿಮಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದನಿಗಳಿಗೆ ಶೀಲ ಹಂಚಿತು. ತುಳಸಿಕಟ್ಟೆ ಸುತ್ತುವ ಸೊಸೆಗೆ ಪಿ. ಸುಶೀಲಾ ಅಥವಾ ಎಸ್. ಜಾನಕಿ, ಕ್ಲಬ್ಬಿನಲ್ಲಿ ಗ್ಲಾಸು ಹಿಡಿದು ಕುಣಿಯುವವಳಿಗೆ ಎಲ್. ಆರ್. ಈಶ್ವರಿ. ಈಶ್ವರಿಯವರ ದನಿಯಲ್ಲಿದ್ದ ಕಸುವು, ಆ ತುಂಟ ಎಳೆತ, ಲಯದ ಮೇಲಿನ ಹಿಡಿತ ಎಲ್ಲ ನಮಗೆ ಬಹಳ ಇಷ್ಟವೇ. ಇಷ್ಟ ಎಂದು ಮನೆಮಂದಿಯ ಮುಂದೆ ಹೇಳಲಾಗುತ್ತಿರಲಿಲ್ಲ, ಅಷ್ಟೇ. ದೇವರ ಪದಗಳನ್ನೂ ಅವರು ಅದೇ ಗಂಟಲಿನಲ್ಲಿ ಹಾಡಿದರು. ಆಗ ಮಾತ್ರ ಅದೇ ದನಿ ‘ಭಕ್ತಿಭರಿತ’ವಾಯಿತು.

ಜಾನಕಿಯವರ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳದೆ ಮುಂದೆ ಹೋದರೆ ನೀವು ಸುಮ್ಮನೆ ಬಿಡುವುದಿಲ್ಲ. ಹುಟ್ಟು ತೆಲುಗುನಾಡಿನ ಗುಂಟೂರು ಸೀಮೆಯದು. ಕನ್ನಡಿಗರಿಗೆ ಅವರು ಜಾನಕಮ್ಮ. 1977ರ ‘ಹೇಮಾವತಿ’ಯಲ್ಲಿ ಸಂಗೀತ ನಿರ್ದೇಶಕ ಎಲ್. ವೈದ್ಯನಾಥನ್ ಈ ಗಾಯಕಿಗೆ ತೋಡಿ, ಆಭೋಗಿ ಎರಡನ್ನೂ ಒಂದೇ ಹಾಡಿನಲ್ಲಿ ಕೊಟ್ಟರು. ಸಂಗೀತ ಬಲ್ಲವರು ಅಲ್ಲಿ ಒಂದು ರಾಗದಿಂದ ಇನ್ನೊಂದಕ್ಕೆ ಹೊರಳುವ ಜಾಗವನ್ನು ಮೆಚ್ಚುತ್ತಾರೆ. ನಮ್ಮ ಪಕ್ಕದ ಮನೆಯ ಹೆಣ್ಣುಮಗಳಿಗೆ ಜಾನಕಮ್ಮ ಬೇಕಾಗಿರುವುದು ಬೇರೆಯದಕ್ಕೆ. ಹಾಡಿನ ನಡುವೆ ಅವರು ನಕ್ಕರೆ, ಬಿಕ್ಕಿದರೆ, ಮಗುವಿನ ದನಿಯಲ್ಲಿ ತೊದಲಿದರೆ ಅದು ನಿಜವೆನಿಸುತ್ತದೆ ಎನ್ನುತ್ತಾಳೆ ಆಕೆ. ‘ಹಾಡತಾಳ ಅನ್ನಸೂದಿಲ್ರಿ, ಹೇಳತಾಳ ಅನಸ್ತದ.’ ವಿಮರ್ಶಕನಾಗಿ ನಾನು ಬರೆದ ಹಲವು ಪುಟಗಳಲ್ಲಿ ಇಷ್ಟು ಚೊಕ್ಕವಾದ ವಾಕ್ಯ ಇಲ್ಲ.

ಹೀಗೆ ಒಂದೇ ಗಂಟಲಿನಲ್ಲಿ ಬೇರೆಯವರು ಬೇರೆಯದನ್ನು ಕೇಳುತ್ತಾರೆ. ಪಿಟೀಲಿನವರು ಶ್ರುತಿ ನೋಡುತ್ತಾರೆ. ಧ್ವನಿಮುದ್ರಣದವರು ಸಕಾರ ಚುಚ್ಚುತ್ತದೆಯೇ, ಪಕಾರ ಮೈಕಿಗೆ ಬಡಿಯುತ್ತದೆಯೇ ನೋಡುತ್ತಾರೆ. ಸುಗಮ ಸಂಗೀತದ ನಮ್ಮ ಶ್ರೋತೃಗಳು ಸಾಹಿತ್ಯ ಕೇಳಿಸಲಿಲ್ಲ ಎಂದರೆ ಮುಗಿಯಿತು, ಕಂಠ ಗಂಧರ್ವಲೋಕದ್ದಾದರೂ ಕ್ಷಮಿಸುವುದಿಲ್ಲ. ಈ ಕೊನೆಯವರನ್ನು ಪ್ರಶ್ನಿಸುವ ಧೈರ್ಯ ನನಗಿಲ್ಲ, ಇಂದಿನ ಸಭೆಯಲ್ಲಿ ಅವರೇ ಹೆಚ್ಚು.

1977ರಲ್ಲಿ ವಾಯೇಜರ್ ನೌಕೆಗಳನ್ನು ಹಾರಿಸಿದಾಗ ಭೂಮಿಯ ಸಂಗೀತದ ಒಂದು ಚಿನ್ನದ ಲೇಪದ ತಟ್ಟೆಯನ್ನು ಅವುಗಳಲ್ಲಿ ಇಟ್ಟರು. ಅದರಲ್ಲಿರುವ ಮೂವರು ಹೆಂಗಸರ ಹಾಡುಗಳನ್ನು ಒಂದಾದ ಮೇಲೊಂದು ಕೇಳಿ ನೋಡಿ. ಜರ್ಮನಿಯ ಎಡ್ಡಾ ಮೋಸರ್ ಮೊಜಾರ್ಟನ ಒಪೆರಾದಲ್ಲಿ ರಾತ್ರಿರಾಣಿಯ ಪಾತ್ರದ ಹಾಡು ಹಾಡುತ್ತಾರೆ. ಸ್ವರ ಸೆಕೆಂಡಿಗೆ ಸುಮಾರು 1400 ಕಂಪನದವರೆಗೆ ಏರುತ್ತದೆ. ಅಷ್ಟು ಎತ್ತರದಲ್ಲಿ ಆ, ಇ, ಉ ಎಂಬ ಭೇದವೇ ಅಳಿಸಿಹೋಗುತ್ತದೆ. ಮೈಕಿಲ್ಲದೆ ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲು ತಲುಪಬೇಕಾದ ಗಾಯಕಿ ದವಡೆ ಪೂರ್ತಿ ಇಳಿಸಿ, ಬಾಯಿಯ ಪೊಳ್ಳನ್ನೇ ಸ್ವರಕ್ಕೆ ಹೊಂದಿಸಿಕೊಳ್ಳುತ್ತಾಳೆ. ಅಕ್ಷರ ಹೋದರೂ ಸ್ವರ ಉಳಿಯಬೇಕು. ಯುರೋಪಿನ ಕೇಳುಗನಿಗೆ ಅದು ಮೈ ನವಿರೇಳಿಸುವ ಎತ್ತರ. ನಮ್ಮ ಸಾಹಿತ್ಯಪ್ರಿಯರನ್ನು ಅಲ್ಲಿ ಕೂರಿಸಿದರೆ ಏನಾದೀತೆಂದು ಯೋಚಿಸಿ. ಎರಡನೆಯದು ಬಲ್ಗೇರಿಯಾದ ಗುಡ್ಡಗಾಡಿನ ವಾಲ್ಯಾ ಬಾಲ್ಕನ್‌ಸ್ಕಾ. ಚರ್ಮದ ಚೀಲದ ಶ್ರುತಿವಾದ್ಯಗಳ ಗಾಢ ಮೊರೆತದ ಮೇಲೆ, ಹೊಲದ ಆಚೆ ಬದಿಯವರನ್ನು ಕೂಗುವಂಥ ತೆರೆದ ಗಂಟಲು. ಮೋಸರ್ ಹಾಡನ್ನು ಪೂಜಿಸುವವರಿಗೆ ಇದು ಒರಟು, ಬಾಲ್ಕನ್ ರೈತರಿಗೆ ಅದು ಅತಿಯಾದ ಅಲಂಕಾರ ಎನಿಸಿದರೆ ಆಶ್ಚರ್ಯವಿಲ್ಲ.

ಮೂರನೆಯದು ನಮ್ಮ ನೆರೆಯ ಗೋವೆಯ ಕೇರಿ ಗ್ರಾಮದ ಕೇಸರಬಾಯಿ ಕೇರಕರ್ ಹಾಡಿದ ಭೈರವಿ, ಮೂರೂವರೆ ನಿಮಿಷದ್ದು. ಅಲ್ಲಾದಿಯಾ ಖಾನ್ ಅವರ ಶಿಷ್ಯೆ. ತುಂಬು ಆಕಾರ, ಎಲ್ಲಿಯೂ ಕುಗ್ಗದ ಕಂಠ. ಹಾಡು ಸಣ್ಣದು. ಆದರೆ ಆ ದನಿಯಲ್ಲಿ ಬೇಡಿಕೆಯ ಲವಲೇಶವಿಲ್ಲ, ಹಾಡುತ್ತಿರುವವಳು ಯಜಮಾನಿ. ನೌಕೆಗಳು ಹೊರಟ ಕೆಲವೇ ದಿನಗಳಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅವರು ತೀರಿಕೊಂಡರು. ಮೂವರದೂ ಹೆಣ್ಣುದನಿಯೇ. ಮೂವರ ನಡುವೆ ಸಮಾನವಾದ ಒಂದು ಲಕ್ಷಣವನ್ನು ಹುಡುಕಿದರೆ, ಹಿಡಿದ ಸ್ವರದ ಮೇಲಿನ ಪೂರ್ತಿ ಭರವಸೆ ಬಿಟ್ಟು ನನಗಂತೂ ಬೇರೇನೂ ಸಿಗಲಿಲ್ಲ.

ಈಜಿಪ್ಟಿನ ಗಾಯಕಿ ಉಮ್ಮ್ ಕುಲ್ತೂಂ ಅವರನ್ನೂ ಇಲ್ಲಿ ನೆನೆಯಬೇಕು. ಇಮಾಮರ ಮಗಳು. ಹೆಣ್ಣು ಎಲ್ಲರೆದುರು ಹಾಡಬಾರದೆಂದು ತಂದೆ ಗಂಡುಹುಡುಗನ ವೇಷ ಹಾಕಿಸಿ ಕರೆದೊಯ್ಯುತ್ತಿದ್ದರು. ಬೆಳೆದ ಮೇಲೆ ತಿಂಗಳ ಮೊದಲ ಗುರುವಾರ ರಾತ್ರಿ ಅವರ ಕಚೇರಿ ರೇಡಿಯೋದಲ್ಲಿ ಬಂದರೆ ಅರಬ್ ಜಗತ್ತೇ ಕಿವಿಗೊಟ್ಟು ಕೂರುತ್ತಿತ್ತು. ತಗ್ಗಿನ, ತುಂಬಿದ ದನಿ. ಅದರೊಳಗಿನ ತುಸು ಗೊಗ್ಗರನ್ನೂ, ಮೂಗಿನ ಛಾಯೆಯನ್ನೂ ಅಲ್ಲಿನವರು ಗುಣವೆಂದೇ ಎಣಿಸುತ್ತಾರೆ. ಇಲ್ಲಿ ಸಂಗೀತದ ಮೇಷ್ಟರು ಮೊದಲ ದಿನವೇ ‘ಮೂಗಿನಲ್ಲಿ ಹಾಡಬೇಡ’ ಎನ್ನುತ್ತಾರೆ. ನಮ್ಮಲ್ಲೂ ಅಪವಾದವಿಲ್ಲದಿಲ್ಲ. ಬೇಗಂ ಅಖ್ತರರ ಗಜಲುಗಳಲ್ಲಿ ಏರುಸ್ವರಕ್ಕೆ ಹೋದಾಗ ದನಿ ಥಟ್ಟನೆ ಒಡೆಯುತ್ತದಲ್ಲ, ರಸಿಕರು ಆ ಒಡಕಿಗಾಗಿಯೇ ಕಾಯುತ್ತಿದ್ದರು, ಬಂದಾಗ ವಾಹ್ ಎನ್ನುತ್ತಿದ್ದರು. ದೊಡ್ಡವ್ವನಿಗೆ ದೋಷವಾಗಿ ಕೇಳಿದ್ದು ಅಲ್ಲಿ ಹಾಡಿನ ಜೀವಾಳ.

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ವೇದಿಕೆಯ ಮೇಲೆ ಕೇಳಿದಾಗ ನನಗೆ ಬೇರೊಂದು ಸಂಗತಿ ಹೊಳೆಯಿತು. ಅವರ ಹಾಲಕ್ಕಿ ಸಮುದಾಯದ ಹಾಡು ಮೂರು ನಾಲ್ಕು ಸ್ವರಗಳೊಳಗೇ ತಿರುಗುತ್ತದೆ. ಒಬ್ಬಳ ದನಿ ಎದ್ದು ಕಾಣಬೇಕೆಂಬ ಆಸೆಯೇ ಅದಕ್ಕಿಲ್ಲ. ನಾಟಿ ಗದ್ದೆಯಲ್ಲೋ ಮದುವೆ ಚಪ್ಪರದಲ್ಲೋ ಹತ್ತು ಹೆಂಗಸರು ಕೂಡಿ ಹಾಡುವಾಗ ಒಬ್ಬಳ ಉಸಿರು ಮುಗಿದಲ್ಲಿ ಇನ್ನೊಬ್ಬಳದು ತುಂಬುತ್ತದೆ. ಒಬ್ಬರನ್ನೇ ತಂದು ಮೈಕಿನ ಮುಂದೆ ನಿಲ್ಲಿಸಿ ‘ಕಂಠ ಅಷ್ಟು ಇಂಪಾಗಿಲ್ಲ, ಆದರೆ ಜಾನಪದ’ ಎಂದು ರಿಯಾಯಿತಿ ಕೊಡುವುದು ನಮ್ಮ ದಡ್ಡತನ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ರಿಯಾಯಿತಿ ಮಾತ್ರ ಅವರು ಕಣ್ಣು ಮುಚ್ಚುವವರೆಗೂ ತಪ್ಪಲಿಲ್ಲ.

ಹಳೆಯವರು ಇಷ್ಟು ಇಕ್ಕಟ್ಟಾಗಿ ಯೋಚಿಸಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ, ನಮ್ಮ ಸೀಮೆಯನ್ನೂ ಆಳಿದ ದೇವಗಿರಿಯ ಸೇವುಣರ ಆಶ್ರಯದಲ್ಲಿ ಕೂತು ಶಾರ್ಙ್ಗದೇವ ಬರೆದ ‘ಸಂಗೀತರತ್ನಾಕರ’ದಲ್ಲಿ ದನಿಗಳ ವಿಂಗಡಣೆ ಇದೆ: ಖಾಹುಲ, ನಾರಾಟ, ಬೊಂಬಕ, ಮಿಶ್ರಕ. ಸ್ನಿಗ್ಧವೋ ಒರಟೋ, ತುಂಬಿದೆಯೋ ಟೊಳ್ಳೋ, ಮೂರು ಸ್ಥಾಯಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆಯೋ ಇಲ್ಲವೋ ಎಂಬುದು ಅಲ್ಲಿ ಅಳತೆ. ಗಂಡುದನಿಯ ಹೆಂಗಸು ಎಂಬ ಪಂಗಡ ಆ ನಾಲ್ಕರಲ್ಲಿಲ್ಲ. ಹತ್ತಿರದ ಕಾಲದಲ್ಲೂ ಅಂಥ ದನಿ ಗೆದ್ದದ್ದುಂಟು: ಕರ್ನಾಟಕ ಸಂಗೀತದಲ್ಲಿ ಡಿ. ಕೆ. ಪಟ್ಟಮ್ಮಾಳ್ ತಗ್ಗಿದ ಶ್ರುತಿಯ ಗಂಭೀರ ಕಂಠದಲ್ಲಿ, ಅಲ್ಲಿಯವರೆಗೆ ಗಂಡಸರ ಸ್ವತ್ತಾಗಿದ್ದ ರಾಗ-ತಾನ-ಪಲ್ಲವಿಯನ್ನು ಹಾಡಿ ಗೆದ್ದರು. 1963ರಿಂದ ಮನೆಮನೆಯ ಬೆಳಗಾಗಿರುವ ಎಂ. ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತವನ್ನು ಮೆಚ್ಚುವ ಅದೇ ಕಿವಿಗೆ ಪಟ್ಟಮ್ಮಾಳ್ ಹಿಡಿಸಲು ಒಂದಿಷ್ಟು ಕಾಲ ಬೇಕು, ಆದರೆ ಹಿಡಿಸುತ್ತಾರೆ. 2009ರ ಜುಲೈ 16ರಂದು ಪಟ್ಟಮ್ಮಾಳ್ ತೀರಿಕೊಂಡರು, ಐದು ದಿನ ಕಳೆದು 21ಕ್ಕೆ ಗಂಗೂಬಾಯಿ. ಪತ್ರಿಕೆಗಳು ಎರಡನ್ನೂ ಬೇರೆ ಬೇರೆ ಸುದ್ದಿಯಾಗಿ ಬರೆದವು. ನನಗೆ ಅವು ಒಂದೇ ವಾರದ ಒಂದೇ ನಷ್ಟ.

ಕೊನೆಗೆ, ಸಭೆಯಲ್ಲಿ ಸಂಗೀತ ಕಲಿಸುವವರು ಹಲವರಿದ್ದೀರಿ, ನಿಮ್ಮ ಹತ್ತಿರ ಒಂದು ದೂರು ಹೇಳಿಕೊಳ್ಳಬೇಕು. ನಾನು ಕಂಡ ಒಂದು ತರಗತಿಯಲ್ಲಿ ಇಪ್ಪತ್ತು ಹುಡುಗಿಯರಿಗೂ ಐದೂವರೆ ಮನೆಗೇ ಶ್ರುತಿಪೆಟ್ಟಿಗೆ. ಹದಿನಾಲ್ಕರ ಒಬ್ಬ ಹುಡುಗಿ ತಾರಷಡ್ಜಕ್ಕೆ ಹೋಗುವಾಗ ಕತ್ತಿನ ನರ ಉಬ್ಬಿ, ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿ ಕಿರುಚುತ್ತಿದ್ದಳು. ಮೇಷ್ಟರು ‘ನಿನ್ನದು ಗಂಡುದನಿ, ಹಿಂದೆ ಕೂತು ಮೆಲ್ಲಗೆ ಹಾಡು’ ಅಂದರು. ತರಗತಿ ಮುಗಿದ ಮೇಲೆ ಕೂರಿಸಿಕೊಂಡು ಮೂರು ಮನೆಗೆ ಇಳಿಸಿ ಸರಳೆ ಹಾಡಿಸಿದೆ. ಮಂದ್ರದ ಪಂಚಮದವರೆಗೆ ಕಂಬದ ಹಾಗೆ ನಿಂತಿತು ದನಿ. ಹಾಡುತ್ತ ಹಾಡುತ್ತ ಅವಳೇ ಬೆರಗಾಗಿ ನನ್ನ ಮುಖ ನೋಡಿದಳು. ಈಗ ಬೇರೆ ಕಡೆ ಕಲಿಯುತ್ತಿದ್ದಾಳೆ, ಅದೇ ಮೂರು ಮನೆಗೆ. ಅವಳ ತಾಯಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಕೇಳಿದರು: ‘ಎಲ್ಲಾ ಖರೆ ಸರ್, ನಾಳೆ ನೋಡಾಕ ಬಂದವರು ಒಂದ ಹಾಡ ಹೇಳಬೇ ಅಂದ್ರ, ಈ ದನಿ ಕೇಳಿ ಏನ ಅಂದಾರು?’